ಫೆಬ್ರುವರಿ ಮೂವತ್ತು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ಡ್ರಾಯಿಂಗ್ ಮೇಷ್ಟರಿಗೆ, ಪಕ್ಕದ ಬೆಂಚಿನ ಅಕ್ಕ-ತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಅಕ್ಕಾ, ಆ ಆನ್‌ಲೈನ್ ಗುಂಪನ್ನ ಇವತ್ತು ಮುಚ್ಚಿಬಿಡ್ತೀನಿ ಅಂದಿದ್ಯಲ್ಲ?”

“ಅಂದಿದ್ದೆ ಕಣೇ. ಕ್ಯಾಲೆಂಡರು, ಇ-ಪುಸ್ತಕ, ಹೊಲಿಗೆ ಪ್ಯಾಟರ್ನು ಅಂತ ಮಾಡಿ ನೆಟ್ಟಲ್ಲೇ ಮಾರೋರು ನಾನೂರು ಜನ ಆ ಗುಂಪಲ್ಲಿದಾರೆ. ಮೂರು ತಿಂಗಳಿಂದ ದಿನಾ ಒಂದೊಂದು ಪ್ರಶ್ನೆ ಕೇಳಿದೆ. ಒಬ್ಬರೂ ತುಟಿ ಪಿಟಕ್ ಅನ್ಲಿಲ್ಲ.”

“ಮತ್ತೆ?”

“ಹೇಗೂ ಮುಚ್ಚೋದೇ ಅಂತ ನಿನ್ನೆ ನನ್ನ ಮಾನ ನಾನೇ ಹರಾಜಿಗಿಟ್ಟೆ. ಫೆಬ್ರುವರಿಗೆ ಮೂವತ್ತು ದಿನ ಕೊಟ್ಟು ಮಾರಿದ್ನಲ್ಲ, ಆ ಕ್ಯಾಲೆಂಡರ್ ಹಾಕಿ, ‘ನಿಮ್ಮ ಎಡವಟ್ಟು ಏನು?’ ಅಂದೆ.”

“ಅಯ್ಯೋ! ನಕ್ಕಿರ್ತಾರೆ.”

“ಹೊಟ್ಟೆ ಹುಣ್ಣಾಗೋ ಹಾಗೆ. ಒಬ್ಬಾಕೆ ಅಡುಗೆ ಪುಸ್ತಕದಲ್ಲಿ ಎಲ್ಲೂ ಉಪ್ಪನ್ನೇ ಬರೆದಿರಲಿಲ್ವಂತೆ. ಇನ್ನೊಬ್ಬರ ಅಂಗಿ ಪ್ಯಾಟರ್ನಿಗೆ ಎರಡೂ ಎಡತೋಳಂತೆ!”

ಫೋನು ಮತ್ತೆ ಮತ್ತೆ ಟಿಂಗ್ ಎಂದಿತು. ತಂಗಿ ಇಣುಕಿದಳು.

“ಯಾರೋ ಏನೋ ಕೇಳಿದಾರೆ. ಉತ್ತರ ಕೊಡಲ್ವಾ?”

“ಬಿಡೇ, ಈಗ ಅವರವರೇ ಒಬ್ಬರಿಗೊಬ್ಬರು ಹೇಳ್ಕೋತಿದಾರೆ. ಇನ್ನು ಮುಚ್ಚೋದೆಲ್ಲಿ,” ಎಂದು ಅಕ್ಕ ನಿರಾಳವಾಗಿ ಗೋಡೆಗೆ ಒರಗಿದಳು.

ಅಷ್ಟರಲ್ಲಿ ನರ್ಸ್ ಅಕ್ಕನನ್ನು ಕರೆದರು. ಹಲ್ಲು ಕೀಳಿಸಿಕೊಳ್ಳಲು ಹೀಗೆ ನಗುನಗುತ್ತಾ ಎದ್ದು ಹೋದವರನ್ನು ಮೇಷ್ಟರು ಅದುವರೆಗೆ ನೋಡಿರಲಿಲ್ಲ.