ಷನ್ ಹಿಡಿದ ಕದಿರಮ್ಮ

ಅಧ್ಯಕ್ಷ ಪೀಠವನ್ನೂ ಫ್ಯಾನಿನ ಗಾಳಿಯನ್ನೂ ಒಟ್ಟಿಗೆ ಅಲಂಕರಿಸಿರುವ ಮುಖ್ಯೋಪಾಧ್ಯಾಯ ಚೆನ್ನರಾಯಪ್ಪನವರೇ, ಅತಿಥಿಗಳೇ, ನನ್ನ ವರ್ಗಾವಣೆಯ ನೆಪದಲ್ಲಿ ಬೋಂಡಾ ತಿಂದು ಕೂತಿರುವ ಸಭಿಕರೇ,

ಗೌರಿಬಿದನೂರಿಗೆ ಹೊರಟಿರುವ ಈ ಇಂಗ್ಲಿಷ್ ಮೇಷ್ಟರು ಶಿಡ್ಲಘಟ್ಟ ತಾಲ್ಲೂಕಿನ ಈ ಹಳ್ಳಿಗೆ ಹನ್ನೆರಡು ವರ್ಷದಲ್ಲಿ ಏನು ಕೊಟ್ಟರು? ನಾನೇ ಹೇಳುತ್ತೇನೆ, ಬೇರೆಯವರು ಹೇಳಿದರೆ ಕಡಿಮೆಯಾದೀತು. ಉದ್ದನೆಯ ಇಂಗ್ಲಿಷ್ ಪದವನ್ನು ತುಂಡು ಮಾಡಿ ಓದುವ ವಿದ್ಯೆ ಕೊಟ್ಟೆ. ತುಂಡಿಗೊಂದು ಸ್ಲೇಟು, ಸ್ಲೇಟಿಗೊಂದು ಮಗು. ಮಕ್ಕಳು ಸಾಲಾಗಿ ನಿಂತು ಕೂಗಿದರೆ ಪದ ತಾನೇ ಎದ್ದು ನಡೆಯುತ್ತಿತ್ತು. ಈ ಉಪಾಯ ಹೊಳೆದದ್ದು ಹೇಗೆ? ಬಿ.ಎಡ್. ಓದುವಾಗ ಉದ್ದದ ಪದ ಕಂಡರೆ ನನಗೇ ಜ್ವರ ಬರುತ್ತಿತ್ತು. ಅದಿರಲಿ, ಅದನ್ನು ವರದಿಯಲ್ಲಿ ಹಾಕಬೇಡಿ.

ನಾನು ಬಂದ ವರ್ಷವೇ, ಎಂಬತ್ನಾಲ್ಕರಲ್ಲಿ, ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ತನಿಖೆಗೆ ಬಂದರು. ನನ್ನ ನೌಕರಿ ಖಾಯಂ ಆಗುವುದೂ ಬಿಡುವುದೂ ಅವತ್ತಿನ ಪಾಠದ ಮೇಲಿತ್ತು. ಪದ ‘ಎಲೆಕ್ಟ್ರಿಫಿಕೇಷನ್’. ಈ ಊರಿಗೆ ಕರೆಂಟಿಗಿಂತ ಮೊದಲು ಬಂದದ್ದು ಆ ಪದವೇ. ಆರು ತುಂಡು, ಆರು ಸ್ಲೇಟು. ಇ, ಲೆಕ್, ಟ್ರಿ, ಫಿ, ಕೇ. ನಿಂತವರು ಐದೇ ಜನ. ಪದಕ್ಕೆ ಬಾಲವಿಲ್ಲ! ಬಾಲದ ‘ಷನ್’ ಹಿಡಿಯಬೇಕಿದ್ದವಳು ಗಂಗುಲಮ್ಮ. ಅವತ್ತೇ ಅವಳ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿತ್ತು. ಅಂಥ ದಿನ ಮನೆಮಂದಿಯೆಲ್ಲ ಸೇರಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹುಳು ಸಾಹೇಬರಿಗಾಗಿ ಕಾಯುತ್ತದೆಯೇ? ಎರಡು ತಿಂಗಳು ತಾಲೀಮು ಮಾಡಿಸಿದ ಮಹಾನುಭಾವ ನಾನು, ಯಾರ ಮನೆಯಲ್ಲಿ ಹುಳು ಯಾವಾಗ ಹಣ್ಣಾಗುತ್ತದೆ ಎಂದು ಮಾತ್ರ ಕೇಳಿರಲಿಲ್ಲ.

ಅಷ್ಟರಲ್ಲಿ ಅವಳ ತಾಯಿ ಕದಿರಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಮಗಳ ಸ್ಲೇಟು.

“ಹುಳ ಆರ್ಸಕ್ಕೆ ಅವಳ ಕೈ ಚುರುಕು ಸಾರ್. ಅದಕ್ಕೆ ಅವಳ್ನ ಬಿಟ್ಟು ನಾನು ಬಂದೆ. ಎಲ್ಲಿ ನಿಂತ್ಕೊಳ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಸಾಲಿನ ಕೊನೆಗೆ ಹೋಗಿ ನಿಂತರು. ಮಕ್ಕಳು ಶುರು ಮಾಡಿದರು. ‘ಕೇ’ ಮುಗಿದದ್ದೇ ತಡ, ಕದಿರಮ್ಮ ‘ಷನ್’ ಎಂದರು ನೋಡಿ, ಕಿಟಕಿಯ ಗುಬ್ಬಿ ಹಾರಿಹೋಯಿತು. ಮನೆಯಲ್ಲಿ ಹುಳುವಿಗೆ ಸೊಪ್ಪು ಹೆಚ್ಚುತ್ತಾ, ಮಗಳು ಕೂಗುವುದನ್ನು ಎರಡು ತಿಂಗಳೂ ಕೇಳಿದ್ದರಂತೆ.

ಸಾಹೇಬರು ಕನ್ನಡಕ ಸರಿಮಾಡಿಕೊಂಡು, ನೀವು ಯಾರಮ್ಮ ಎಂದು ವಿಚಾರಿಸಿದರು.

“ಇವತ್ತೊಂದಿನ ನಾನೇ ಗಂಗುಲಮ್ಮ ಸಾರ್. ಹಾಜರಿ ಹಾಕ್ಕೊಳ್ಳಿ.”

ಸಾಹೇಬರು ನಕ್ಕು, ‘ಬೋಧನೆ ಉತ್ತಮ’ ಎಂದು ಬರೆದರು. ಆ ಕಾಗದ ತೋರಿಸಿಕೊಂಡು ಹನ್ನೆರಡು ವರ್ಷ ಮೆರೆದಿದ್ದೇನೆ. ಅದರಲ್ಲಿ ಕದಿರಮ್ಮನವರ ಹೆಸರಿಲ್ಲ. ಕಾಗದ ತೋರಿಸುವಾಗ ಬಾಯಿಬಿಟ್ಟು ಹೇಳಬಹುದಿತ್ತು, ನಾನು ಹೇಳಲಿಲ್ಲ. ಇವತ್ತು ಮೈಕಿನಲ್ಲಿ ಹೇಳುತ್ತಿದ್ದೇನೆ, ಊರಿಗೆಲ್ಲ ಕೇಳಲಿ. ಮೊದಲ ವಂದನೆ ಅವರಿಗೆ. ಉಳಿದದ್ದನ್ನು ನೀವೆಲ್ಲ ಹಂಚಿಕೊಳ್ಳಿ. ನಮಸ್ಕಾರ.