ಹಾಳೆಯ ಹಿಂಬದಿ

ಅಧ್ಯಕ್ಷರಾದ ಡಾಕ್ಟರ್ ಸಾಹೇಬರೇ, ಈ ಬಿಸಿಲಲ್ಲಿ ಹೊಸಪೇಟೆಯಿಂದ ಬಂದ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಊಟದ ವಾಸನೆ ಬಂದರೂ ಎದ್ದುಹೋಗದ ಸಭಿಕರೇ,

ಈ ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಆಪ್ತ ಸಮಾಲೋಚಕಿಯಾಗಿ ಕೂತು ಇವತ್ತು ನಿವೃತ್ತಳಾಗುತ್ತಿರುವವಳು ನಾನು. ಈಗಷ್ಟೇ ಲ್ಯಾಬಿನ ಗಾದಿಲಿಂಗ ಅವರು, ಸುಮಂಗಲಾ ಮೇಡಂ ಹೊಟ್ಟೆಗೆ ಹೋದ ಮಾತು ಹೊರಗೆ ಬಂದದ್ದೇ ಇಲ್ಲ ಎಂದು ಹೊಗಳಿದರು. ನೀವು ಚಪ್ಪಾಳೆ ತಟ್ಟಿದಿರಿ. ನನಗೆ ಆ ಚಪ್ಪಾಳೆ ಕಹಿಯಾಯಿತು, ಕ್ಷಮಿಸಿ.

ನಮ್ಮಲ್ಲಿಗೆ ಯಾರು ಬರುತ್ತಿದ್ದರು? ಸಂಡೂರಿನ ಅದಿರು ಲಾರಿಯವರು, ಮೆಟ್ರಿಯ ಗದ್ದೆಯವರು, ಕಾಲೇಜಿನ ಹುಡುಗರು. ದರೋಜಿಯ ಕರಡಿ ಎದುರಾದರೂ ಹೆದರದ ಡ್ರೈವರು ನನ್ನ ಮೇಜಿನ ಮುಂದೆ ಬೆವರುತ್ತಿದ್ದ. ಆತುರಪಟ್ಟು ಬೇಗ ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ. ಸಂಪರ್ಕವಾಗಿ ಹತ್ತು ದಿನಕ್ಕೇ ಬಂದಿದ್ದೀಯಪ್ಪಾ, 'ನಾನ್ ರಿಯಾಕ್ಟಿವ್' ಎಂದು ಬಂದಿದೆ, ಅಂದರೆ ಸೋಂಕು ಕಂಡಿಲ್ಲ, ಸಂತೋಷ. ಆದರೆ ಸೋಂಕು ಪರೀಕ್ಷೆಗೆ ಸಿಗಲು ಸಮಯ ಬೇಕು. ಇದು ಅರ್ಧ ಉತ್ತರ, ಮೂರು ತಿಂಗಳಿಗೆ ಮತ್ತೆ ಬಾ. ಬಾಯಿಮಾತು ಮರೆಯುತ್ತಾರೆಂದು ರಿಪೋರ್ಟಿನ ಹಾಳೆಯ ಹಿಂಬದಿಗೆ ಅದನ್ನೇ ಕೈಯಾರೆ ಬರೆದುಕೊಡುತ್ತಿದ್ದೆ.

ಹತ್ತು ವರ್ಷದ ಹಿಂದೆ ಒಬ್ಬ ಯುವಕನಿಗೂ ಹೀಗೇ ಬರೆದುಕೊಟ್ಟೆ. ತಿಂಗಳೊಳಗೆ ನಮ್ಮ ಬಳಗದ ಒಂದು ಮನೆಗೆ ಹೋಗಿದ್ದೆ. ಬಳಗ ದೊಡ್ಡದು, ಯಾರೆಂದು ಹುಡುಕಬೇಡಿ. ಅವರು ಗಂಡಿನ ಕಡೆಯಿಂದ ಜಾತಕದ ಜೊತೆ ರಕ್ತದ ರಿಪೋರ್ಟನ್ನೂ ಕೇಳಿ ತರಿಸಿದ್ದರು. ಜಾಣತನವೇ ಅಲ್ಲವೇ? ಹುಡುಗಿಯ ಅಪ್ಪ ಮೂಲೆಗೆ ಅರಿಶಿನ ಹಚ್ಚಿದ ಹಾಳೆಯನ್ನು ದೇವರ ಮುಂದಿನಿಂದ ತಂದು, "ನೋಡವಾ, ಹುಡುಗ ಭಾಳ ಕ್ಲೀನ್ ಅದಾನ" ಎಂದರು. ಅದೇ ಯುವಕನ ಹೆಸರು, ಅದೇ ದಿನಾಂಕ. ತಿರುಗಿಸಿ ನೋಡಿದೆ. ಹಿಂದೆ ಏನೂ ಇರಲಿಲ್ಲ. ಜೆರಾಕ್ಸ್ ಒಂದೇ ಮಗ್ಗುಲಿಗೆ ಮಾಡಿಸಿದ್ದರು.

ನಿಯಮ ನನ್ನ ಬಾಯಿ ಕಟ್ಟಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವನ ಗುಟ್ಟು ಹೇಳುವ ಅಗತ್ಯವೇ ಇರಲಿಲ್ಲ. "ಮದುವಿಗೆ ಮೊದ್ಲು ಇಬ್ರಿಗೂ ಇನ್ನೊಮ್ಮೆ ಪರೀಕ್ಷೆ ಮಾಡಿಸ್ರಿ, ಎಲ್ಲಾರಿಗೂ ಹಿಂಗ ಹೇಳ್ತೀವಿ" ಎಂದಿದ್ದರೆ ಸಾಕಿತ್ತು. ದಿನಾ ಗುರುತಿಲ್ಲದವರಿಗೆ ಹೇಳುವ ಮಾತು ನನ್ನವರ ಮುಂದೆ ಗಂಟಲು ದಾಟಲಿಲ್ಲ. ಲಗ್ನಪತ್ರಿಕೆ ಅಚ್ಚಾಗಿತ್ತು. ಕೂಡಿದ ಸಂಬಂಧಕ್ಕೆ ಕಲ್ಲು ಹಾಕಿದವಳು ಅನ್ನಿಸಿಕೊಳ್ಳಲು ಹೆದರಿದೆ. ಹುಡುಗನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡಲಿಲ್ಲ. ಮದುವೆಯಲ್ಲಿ ನಾನೇ ಅವಳಿಗೆ ಅರಿಶಿನ ಹಚ್ಚಿದೆ. ಹೋಳಿಗೆಯನ್ನೂ ಉಂಡೆ.

ವರ್ಷದೊಳಗೆ ಅವಳು ಬಸುರಿಯಾಗಿ, ತಪಾಸಣೆಗೆಂದು ನನ್ನ ಮುಂದೆಯೇ ಬಂದು ಕೂತಳು. ಹಾಳೆಯಲ್ಲಿ 'ರಿಯಾಕ್ಟಿವ್' ಎಂದಿತ್ತು. ಔಷಧದಿಂದ ಮಗುವಿಗೆ ಸೋಂಕು ತಗಲಲಿಲ್ಲ. ಅವಳೂ ಒಂದು ದಿನ ಮಾತ್ರೆ ತಪ್ಪಿಸದೆ ಗಟ್ಟಿಯಾಗಿದ್ದಾಳೆ. ಅಷ್ಟಕ್ಕೆ ನನ್ನ ತಪ್ಪು ಸಣ್ಣದಾಗುತ್ತದೆಯೇ? ಅಂದು ಅವಳು ಅಳಲಿಲ್ಲ. "ಅಕ್ಕಾ, ನಿನಗ ಮೊದ್ಲೇ ಗೊತ್ತಿತ್ತೇನು?" ಎಂದು ಕೇಳಿದಳು. "ಇಲ್ಲವಾ" ಎಂದೆ. ಆ ಸುಳ್ಳು ಅವನ ಗುಟ್ಟು ಕಾಯಲಿಕ್ಕಲ್ಲ, ನನ್ನ ಮುಖ ಉಳಿಸಿಕೊಳ್ಳಲಿಕ್ಕೆ.

ಅವಳು ಈ ಸಭೆಯಲ್ಲಿದ್ದಾಳೆ. ಇದನ್ನು ಹೇಳಬಾರದಿತ್ತು, ಬಾಯಿಂದ ಬಂದುಬಿಟ್ಟಿತು. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ಹೊದಿಸಿದ ಶಾಲಿಗೆ, ಇಷ್ಟು ಹೊತ್ತು ಕೇಳಿದ ನಿಮ್ಮ ತಾಳ್ಮೆಗೆ ನಾನು ಋಣಿ. ಉಳಿದಿರುವುದು ಒಂದೇ ಮಾತು, ಅದು ನಿಮಗಲ್ಲ.

ಗೊತ್ತಿತ್ತು, ತಂಗಿ. ಆ ಪರೀಕ್ಷೆ ಪೂರ್ತಿ ಆಗಿಲ್ಲ ಅಂತ ನನಗ ಗೊತ್ತಿತ್ತು.

ಎಲ್ಲರಿಗೂ ನಮಸ್ಕಾರ.