ಖಾಜಾಬಿಯ ಗೋರಂಟಿ ಬೇಲಿ

...ಅಲ್ಲ, ಗೋರಂಟಿ ಅಂದ್ರ ಬರೇ ಮದುವಿ ಕೈಗಿ ಹಚ್ಚೋದು ಅಂತ ತಿಳಕೊಂಡೀರೇನು ನೀವು? ನಮ್ಮ ಮಕ್ತಲ್ ಕಡಿ ಬಿಸಲು ಏನ್ ಬಿಸಲ್ರೆಪ್ಪಾ, ಕಾಲಿಟ್ರ ಬೊಬ್ಬಿ ಏಳ್ತಿದ್ವು. ಭಾಂವ್ಯಾಗ ನೀರು ತಳಾ ಕಂಡ್ರೂ ಆ ಗೋರಂಟಿ ಬೇಲಿ ಹಸರಾಗೇ ಇರ್ತಿತ್ತು. ಬಾಜೂ ಮನಿ ಖಾಜಾಬಿ ಹಚ್ಚಿದ್ದು ಅದು. ಅಂಗಾಲ ಉರದ್ರ ತಪ್ಪಲಾ ಅರದು ಕಟ್ಟಾಕಿ, ಹಿಮ್ಮಡಿ ಒಡದ್ರೂ ಅದೇ, ತಲಿ ಕಾದ್ರೂ ಅದೇ. ಹೂವಾ ಒಣಗಿಸಿ ಅರಿವಿ ಗಂಟಿನ್ಯಾಗ ಇಡಾಕಿ, ನುಸಿ ಹತ್ತಬಾರ್ದಂತ. ಆಕಿ ಗಂಡ ಇಮಾಮಸಾಬ ದರ್ಜಿ, ನನ್ನ ಲಂಗ ಜಂಪರ ಎಲ್ಲಾ ಅಂವಾ ಹೊಲದದ್ದು. ಹೊಲದು ಹೊಲದು ಅವಂಗ ತಲಿ ನೋವು ಬರ್ತಿತ್ತು, ಆಕಿ ತಲಿಗಿ ಗಡ್ಡಕ್ಕ ಗೋರಂಟಿ ಮೆತ್ತಾಕಿ. ಗಡ್ಡ ಕೆಂಪಗ, ಕೆಂಡದಂಗ. ದೂರದಿಂದ ಗುರ್ತು ಹತ್ತತಿತ್ತು.

ಮೊದಲು ನಿಜಾಮನ ರಜಾಕಾರ್ರ ಹೆದರಿಕಿ ಇತ್ತು ನೋಡ್ರಿ, ಅವರು ಹಿಂದೂ ಮನಿ ಹುಡಕೋಂತ ಬಂದಾಗ ಇಮಾಮಸಾಬ ನಮ್ಮಪ್ಪನ್ನ ತನ್ನ ಮನ್ಯಾಗ ಮುಚ್ಚಿಟ್ಟು, "ಇಲ್ಲಿ ಯಾರೂ ಇಲ್ಲ, ಹೋಗ್ರಿ" ಅಂತ ಬಾಗಲಕ್ಕ ಅಡ್ಡ ನಿಂತಿದ್ದ. ಆಮ್ಯಾಗ ಪೊಲೀಸ್ ಆ್ಯಕ್ಷನ್ ಆತು, ಮಿಲ್ಟ್ರಿ ಬಂತು, ನಿಜಾಮನ ಸರ್ಕಾರ ಹೋತು. ನಮಗ ಖುಷಿ ಆತು, ಖರೆ. ಆದ್ರ ರಜಾಕಾರ್ರ ಮ್ಯಾಲಿನ ಸಿಟ್ಟಿಗಿ ಬ್ಯಾರೆ ಊರಿನ ಮಂದಿ ಗುಂಪು ಕಟಗೊಂಡು ಸಾಬರ ಮನಿ ಹುಡಕೋಂತ ಬಂದ್ರು. ನಮ್ಮವ್ವ ಈರವ್ವ ಖಾಜಾಬಿನ್ನ ಕೈ ಹಿಡದು ಎಳಕೊಂಡು ಬಂದು ನಮ್ಮ ಅಡಗಿಮನ್ಯಾಗ ಕುಂದರ್ಸಿದ್ಲು. ಗಂಡಸರನ್ನ ಮನಿ ಮನಿ ಹೊಕ್ಕು ಎಳೀತಿದ್ರು, ಅದಕ್ಕ ಅಪ್ಪ ತನ್ನ ಧೋತ್ರ, ರುಮಾಲ ಇಮಾಮಸಾಬಗ ಕೊಟ್ಟ. "ಅಣ್ಣಾ, ಇದನ್ನುಟಗೊಂಡು ಜ್ವಾಳದ ಹೊಲದಾಗ ಹಾದು ಹೊಳಿ ಕಡಿ ನಡಿ. ಆ ಗಡ್ಡ ಒಂದು ತಗಸು." "ಗಡ್ಡಾ? ನಾ ಏನ್ ತಪ್ಪು ಮಾಡೀನಿ ತಮ್ಮಾ? ಸೂಜಿ ಬಿಟ್ರ ಕೈಯಾಗ ಏನರ ಹಿಡದೀನೇನು?" "ನಿನ್ನ ಕಾಲಿಗಿ ಬೀಳ್ತೀನಿ, ತಗಸು." ಕೇಳಲಿಲ್ಲರೆಪ್ಪಾ. ರುಮಾಲಿನ ಸೆರಗಿಲೆ ಗಡ್ಡ ಮುಚಗೊಂಡು ಹೋದ. ಜ್ವಾಳ ದಾಟಿ... ಅಲ್ಲಲ್ಲ, ದಾಟಲಿಲ್ಲ, ಬದುವಿನ ಮ್ಯಾಲ ಬಂದಾಗ ಗಾಳಿಗಿ ರುಮಾಲ ಸರೀತಂತ. ಕೆಂಪ ಗಡ್ಡ ಕಂಡ್ತು ಆ ಗುಂಪಿಗಿ. ಸಂಜಿಕ ಅಪ್ಪ ಬಂಡಿ ಹೂಡಕೊಂಡು ಹೋಗಿ ಹೆಣಾ ತಂದ. ಮ್ಯಾಲ ಕಂಬಳಿ ಹೊಚ್ಚಿದ್ದ.

ಖಾಜಾಬಿ ಅಳಲಿಲ್ಲ. ಮಣ್ಣು ಮಾಡಿದ ಮ್ಯಾಲ ಸೀದಾ ಬೇಲಿಗಿ ಹೋಗಿ ಗೋರಂಟಿ ಕೀಳಾಕ ಹತ್ತಿದ್ಲು, ಬರೇ ಕೈಲೆ. "ನಾನೇ ಹಚ್ಚಿದ್ದೆ ಈರವ್ವ, ಮೊನ್ನಿ ಜುಮ್ಮಾ ನಮಾಜಿಗಿ ಆ ಗಡ್ಡಕ್ಕ ನಾನೇ ಹಚ್ಚಿದ್ದೆ. ಕೊಂದವ್ರಿಗಿ ನಾನೇ ಗುರ್ತು ಮಾಡಿ ಕೊಟ್ಟೆ." ಬೆರಳಿಂದ ರಗತ ಸೋರತಿತ್ತು. ಮಂದಿ ಬಂದ್ರು, "ನಿಂದೇನ್ ತಪ್ಪು, ಹಣ್ಯಾಗ ಬರದದ್ದು, ಸುಮ್ಮನಾಗು" ಅಂದ್ರು. ಯಾರ ಮಾತೂ ಆಕಿ ಕಿವಿಗಿ ಬೀಳಲಿಲ್ಲ. ನಮ್ಮವ್ವ ಆಕಿ ಬಾಜೂಕ ಕುಂತು ತಾನೂ ಕೀಳಾಕ ಹತ್ತಿದ್ಲು. ಬೇಲಿ ಎಲ್ಲಾ ಮುಗದ ಮ್ಯಾಲ ಖಾಜಾಬಿ ಅವ್ವನ ಹೆಗಲಿಗಿ ತಲಿ ಆನಿಸಿ ಅತ್ಲು ನೋಡ್ರಿ... ಆ ಅಳು ಏನ್ ಹೇಳಲಿ.

ಮುಂದ ಆಕಿ ಅಣ್ಣ ಬಂದು ಗದ್ವಾಲಕ್ಕ ಕರಕೊಂಡು ಹೋದ. ಮತ್ತ ನಾವು ಆಕಿನ್ನ ಕಾಣಲಿಲ್ಲ. ಅದಕ್ಕ ಹೇಳ್ತೀನಿ, ಯಾರ ಮನ್ಯಾಗರ ಸಾವಾದ್ರ ಬುದ್ಧಿ ಹೇಳಾಕ ಹೋಗಬ್ಯಾಡ್ರಿ. ಬಾಜೂಕ ಕುಂದರ್ರಿ. ಒಂದು ತುತ್ತು ಉಣಸ್ರಿ. ಅಷ್ಟೇ. ಏಳ್ರಿನ್ನ.